ನಕಲು ಕಾರಿನ ಅಸಲು ಗುಣ

ನಕಲು ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ನಕಲು ನಾಣ್ಯ, ನಕಲು ಔಷಧ, ಪರೀಕ್ಷೆಯ ಕೊಠಡಿಯ ನಕಲು ಇವೆಲ್ಲವೂ ನಿಂದ್ಯವಾದುವೇ. ಹೀಗಿರಲಾಗಿ, ಹಿಂದಿನ ಕಾಲದ ಪ್ರಸಿದ್ಧ ಓಟದ ಕಾರುಗಳ ಪ್ರತಿಕೃತಿಗಳನ್ನು ಕಟ್ಟಿ ಮಾರುವ ಉದ್ಯಮವೊಂದು ಹಲವು ದೇಶಗಳಲ್ಲಿ ದಶಕಗಳಿಂದ ಬಹಿರಂಗವಾಗಿಯೇ ನಡೆದುಬಂದಿದೆಯೆಂದರೆ ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ಆದರೆ ವಂಚನೆಯ ನಕಲಿಗೂ ಒಪ್ಪಿಕೊಂಡು ಮಾಡಿದ ಪ್ರತಿಕೃತಿಗೂ ಬಹಳ ವ್ಯತ್ಯಾಸವುಂಟು. ಕೊಳ್ಳುವವನಿಗೆ ಇದು ಮೂಲವಲ್ಲವೆಂದು ಮೊದಲೇ ತಿಳಿದಿರುವಾಗ ಉಳಿಯುವ ಪ್ರಶ್ನೆ ಒಂದೇ: ಇದು ಎಷ್ಟು ಚೆನ್ನಾಗಿ ಕಟ್ಟಿದ ವಸ್ತು? ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಭೌತಶಾಸ್ತ್ರಕ್ಕೆ ಇದೆ, ಬಣ್ಣ ಬಳಿಯುವವನಿಗೆ ಇಲ್ಲ ಎಂಬುದೇ ನಮ್ಮ ವಾದ.

ಯಾವ ಕಾರುಗಳ ಪ್ರತಿಕೃತಿಗಳು ಹೆಚ್ಚಾಗಿ ಬಂದಿವೆ ಎಂಬುದನ್ನು ಮೊದಲು ಹೇಳಿಬಿಡುತ್ತೇವೆ. ಇಂಗ್ಲೆಂಡಿನ ಕಾಲಿನ್ ಚಾಪ್ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಒಂದು. ಉಕ್ಕಿನ ತೆಳು ಕೊಳವೆಗಳ ಪಂಜರ, ಅದಕ್ಕೆ ಬಡಿದ ಅಲ್ಯೂಮಿನಿಯಂ ತಗಡು, ಇಬ್ಬರಿಗೆ ಆಸನ, ಮೇಲೆ ಆಕಾಶ, ಅದರಲ್ಲಿ ಇದ್ದುದು ಇಷ್ಟೇ. 1973ರಲ್ಲಿ ಕೇಟರ್‌ಹ್ಯಾಮ್ ಎಂಬ ಸಂಸ್ಥೆ ಅದರ ಹಕ್ಕನ್ನು ಪಡೆದು ತಯಾರಿಕೆಯನ್ನು ಮುಂದುವರಿಸಿತು. ಎಂಬತ್ತರ ದಶಕದಲ್ಲಿ ವೆಸ್ಟ್‌ಫೀಲ್ಡ್ ಮೊದಲಾದ ಬೇರೆ ಸಂಸ್ಥೆಗಳೂ ಅದೇ ಬಗೆಯ ಕಾರುಗಳನ್ನು ಕಟ್ಟತೊಡಗಿದುವು. ಎರಡನೆಯದು ಕೋಬ್ರಾ. ಅಮೆರಿಕದ ಕ್ಯಾರಲ್ ಶೆಲ್ಬಿ 1962ರಲ್ಲಿ ಇಂಗ್ಲೆಂಡಿನ ಏ.ಸಿ. ಕಂಪನಿಯ ಹಗುರವಾದ ಗಾಡಿಗೆ ಫೋರ್ಡ್ ಸಂಸ್ಥೆಯ ಎಂಟು ಸಿಲಿಂಡರುಗಳ ಎಂಜಿನ್ನನ್ನು ಕೂಡಿಸಿದರು. ಮೂಲ ಕೋಬ್ರಾಗಳು ತಯಾರಾದುದು ಸುಮಾರು ಒಂದು ಸಾವಿರ ಮಾತ್ರ. ಇಂದು ಲೋಕದ ರಸ್ತೆಗಳ ಮೇಲೆ ಕಾಣುವ ಕೋಬ್ರಾಗಳಲ್ಲಿ ಬಹುಪಾಲು ಪ್ರತಿಕೃತಿಗಳೇ.

ನಮ್ಮ ಕಾರವಾರ, ಅಂಕೋಲೆಗಳ ವಿದ್ಯಾರ್ಥಿಗಳು ಈ ಕಾರುಗಳನ್ನು ನೋಡುವುದು ಮೊಬೈಲಿನ ಪರದೆಯ ಮೇಲೆ. ಎಂದಾದರೊಮ್ಮೆ ಗೋವೆಯ ಕಡೆಗೆ ಹೋಗುವ ತೆರೆದ ಕಾರೊಂದು 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಳಿದುಹೋದರೆ ಅದೇ ಹಬ್ಬ. ತರಗತಿ ಮುಗಿದ ಮೇಲೆ ಇವುಗಳ ಚರ್ಚೆ ನಮ್ಮ ಕಿವಿಗೂ ಬೀಳುವುದುಂಟು. ಯಾವ ತಯಾರಕನ ಕಾರು ಉತ್ತಮ ಎಂದು ಅವರು ನಿರ್ಣಯಿಸುವ ರೀತಿಯನ್ನು ಕೇಳಿದಾಗ ನಮಗೆ ಸ್ವಲ್ಪ ಖೇದವಾಗುವುದು. ಬಣ್ಣ ಕನ್ನಡಿಯಂತಿದೆ, ಬಾಗಿಲು ಮುಚ್ಚಿದರೆ ಗಂಭೀರವಾದ ಸದ್ದು ಬರುತ್ತದೆ, ಹೊಗೆಕೊಳವೆಯ ಗರ್ಜನೆ ಹೀಗಿದೆ, ನೂರು ಕಿಲೋಮೀಟರ್ ವೇಗಕ್ಕೆ ಇಷ್ಟು ಸೆಕೆಂಡು ಸಾಕು: ಅಳತೆಗೋಲುಗಳು ಇವೇ. ಇವುಗಳಲ್ಲಿ ಕೊನೆಯದು ಎಂಜಿನ್ನಿನ ಗುಣ, ಅದೂ ಬಹುಮಟ್ಟಿಗೆ ಬೇರೊಂದು ದೊಡ್ಡ ಕಂಪನಿಯ ಎಂಜಿನ್ನಿನ ಗುಣ. ಮೊದಲಿನ ಮೂರೂ ಹೊರಗಿನ ತೋರಿಕೆಗಳು. ಬಾಗಿಲ ಸದ್ದನ್ನು ಗಂಭೀರಗೊಳಿಸಲು ಒಳಗೊಂದು ಡಾಂಬರಿನ ಹಾಳೆಯನ್ನು ಅಂಟಿಸಿದರೆ ಸಾಕು! ಕಟ್ಟಿದವನ ಕೈಗುಣ ಇರುವುದು ಇವುಗಳಲ್ಲಿ ಅಲ್ಲ.

ಒಂದು ಪಾದರಕ್ಷೆಯ ಪೆಟ್ಟಿಗೆಯನ್ನು ತೆಗೆದುಕೊಳ್ಳಿರಿ. ಮುಚ್ಚಳವನ್ನು ಅಂಚುಗಳಿಗೆ ಅಂಟಿಸಿ, ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು ಒದ್ದೆ ಬಟ್ಟೆಯನ್ನು ಹಿಂಡುವಂತೆ ತಿರುಚಿ ನೋಡಿರಿ. ಪೆಟ್ಟಿಗೆ ಜಗ್ಗುವುದಿಲ್ಲ. ಮುಚ್ಚಳವನ್ನು ಕಿತ್ತುಹಾಕಿ ಅದೇ ರೀತಿ ತಿರುಚಿದರೆ ಸುಲಭವಾಗಿ ಓರೆಯಾಗುವುದು. ಮುಚ್ಚಿದ ಕಾರಿಗೂ ತೆರೆದ ಕಾರಿಗೂ ಇರುವ ಭೇದ ಇದೇ. ಮಾಡಿಲ್ಲದ ಕಾರಿನ ಒಂದು ಮುಂಗಾಲಿ ಗುಂಡಿಗೆ ಇಳಿದಾಗ ಇಡೀ ಗಾಡಿಯ ಮೈ ತಿರುಚಿಕೊಳ್ಳಲು ನೋಡುತ್ತದೆ. ಮೈ ತಿರುಚಿಕೊಂಡರೆ ಸ್ಪ್ರಿಂಗುಗಳು ಮಾಡಬೇಕಾದ ಕೆಲಸವನ್ನು ಚೌಕಟ್ಟೇ ಮಾಡಿದಂತಾಗಿ ಚಕ್ರಗಳು ರಸ್ತೆಯನ್ನು ಹಿಡಿಯುವ ಕೋನ ಕೆಡುವುದು, ಚಾಲಕನ ಎದುರಿನ ಹಲಗೆ ನಡುಗುವುದು, ಬಾಗಿಲುಗಳು ಕಿರುಗುಟ್ಟುವುವು, ಕೆಲವು ವರ್ಷಗಳಲ್ಲಿ ಬೆಸುಗೆಗಳ ಬುಡದಲ್ಲಿ ಬಿರುಕು ಕಾಣಿಸಿಕೊಳ್ಳುವುದು. ಆದುದರಿಂದ ಓಟದ ತೆರೆದ ಕಾರಿನ ಕಟ್ಟಡವನ್ನು ಅಳೆಯುವ ಮೊದಲ ಸಂಖ್ಯೆ ಅದರ ತಿರುಚುದಾರ್ಢ್ಯ, ಅಂದರೆ ಮೈಯನ್ನು ಉದ್ದಕ್ಕೆ ಒಂದು ಡಿಗ್ರಿ ತಿರುಚಲು ಎಷ್ಟು ನ್ಯೂಟನ್-ಮೀಟರ್ ಭ್ರಾಮಕ ಬೇಕು ಎಂಬುದು. ಇಂದಿನ ದೊಡ್ಡ ಕಂಪನಿಗಳ ಮುಚ್ಚಿದ ಕಾರುಗಳಲ್ಲಿ ಇದು 20,000ವನ್ನು ಮೀರುವುದು ಸಾಮಾನ್ಯ. 1996ರ ಲೋಟಸ್ ಎಲೀಸ್ ತೆರೆದ ಕಾರಾಗಿಯೂ ಅಂಟಿಸಿದ ಅಲ್ಯೂಮಿನಿಯಂ ತೊಲೆಗಳ ಚೌಕಟ್ಟಿನಿಂದ ಸುಮಾರು 10,000ವನ್ನು ಸಾಧಿಸಿತು.

ಇದು ಹೇಗೆ ದೊರೆಯುವುದೆಂಬುದಕ್ಕೆ ಕಾಲೇಜಿನ ಮೊದಲ ವರ್ಷದ ಗಣಿತವೇ ಸಾಕು. ತೆಳುಗೋಡೆಯ ದುಂಡು ಕೊಳವೆಯ ತಿರುಚುದಾರ್ಢ್ಯ ಅದರ ತ್ರಿಜ್ಯದ ಘನಕ್ಕೂ ಗೋಡೆಯ ದಪ್ಪಕ್ಕೂ ಅನುಪಾತದಲ್ಲಿರುವುದು. ಅದೇ ಕೊಳವೆಯನ್ನು ಉದ್ದಕ್ಕೂ ಒಂದು ಗರಗಸದ ಗೆರೆಯಷ್ಟು ಸೀಳಿಬಿಟ್ಟರೆ, ಅದರ ದಾರ್ಢ್ಯ ತ್ರಿಜ್ಯ ಮತ್ತು ದಪ್ಪಗಳ ನಿಷ್ಪತ್ತಿಯ ವರ್ಗದ ಮೂರರಷ್ಟು ಪಟ್ಟು ಕುಗ್ಗುವುದು. 50 ಮಿಲಿಮೀಟರ್ ತ್ರಿಜ್ಯ, 2 ಮಿಲಿಮೀಟರ್ ಗೋಡೆಯ ಕೊಳವೆಯಲ್ಲಿ ಲೆಕ್ಕ ಹಾಕಿ ನೋಡಿರಿ: 25ರ ವರ್ಗ 625, ಅದರ ಮೂರರಷ್ಟು 1875. ತೂಕದಲ್ಲಿ ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ, ಕಣ್ಣಿಗೆ ಒಂದು ಗೆರೆ ಮಾತ್ರ, ಆದರೆ ಬಿಗಿ ಸಾವಿರದ ಎಂಟುನೂರು ಪಟ್ಟು ಕಡಿಮೆ! ಪೂರ್ತಿಯಾಗಿ ಬೆಸೆದ ಜೋಡಣೆಗೂ ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕಿ ಬಿಟ್ಟ ಜೋಡಣೆಗೂ ಇರುವ ಅಂತರ ಎಷ್ಟೆಂಬುದು ಇದರಿಂದ ಊಹೆಗೆ ಬರುವುದು.

ಕೋಬ್ರಾದ ಕಥೆಯೇ ಇದಕ್ಕೆ ಸಾಕ್ಷಿ. ಮೊದಲಿನ ಕೋಬ್ರಾದಲ್ಲಿ ಏಣಿಯ ಆಕಾರದ ಚೌಕಟ್ಟಿನ ಎರಡು ಮುಖ್ಯ ಕೊಳವೆಗಳು 3 ಅಂಗುಲ ವ್ಯಾಸದವು. 1965ರಲ್ಲಿ ಹೆಚ್ಚು ಬಲದ ಎಂಜಿನ್ನನ್ನು ಕೂಡಿಸಬೇಕಾಗಿ ಬಂದಾಗ ಅವನ್ನು 4 ಅಂಗುಲಕ್ಕೆ ಏರಿಸಿದರು. ಗೋಡೆಯ ದಪ್ಪ ಅಷ್ಟೇ ಇದ್ದರೂ ಕೊಳವೆಯ ತಿರುಚುದಾರ್ಢ್ಯ ಇದರಿಂದ ಎರಡು ಪಟ್ಟಿಗೂ ಮಿಗಿಲಾಗಿ ಹೆಚ್ಚುವುದು. ಆದರೂ ಅದು ಅರುವತ್ತರ ದಶಕದ ಏಣಿ ಚೌಕಟ್ಟೇ. ಇಂದಿನ ದೃಷ್ಟಿಯಿಂದ ಮೆತ್ತಗಿನದೇ. ಇಲ್ಲಿ ಪ್ರತಿಕೃತಿಕಾರನಿಗೊಂದು ಧರ್ಮಸಂಕಟ. ಮೂಲಕ್ಕೆ ನಿಷ್ಠನಾಗಿ ಮೆತ್ತಗಿನ ಚೌಕಟ್ಟನ್ನೇ ಕಟ್ಟಬೇಕೆ, ಹೊರಗೆ ಹಳೆಯ ರೂಪವನ್ನಿಟ್ಟು ಒಳಗೆ ಇಂದಿನ ವಿದ್ಯೆಯನ್ನು ತುಂಬಬೇಕೆ? ಅಮೆರಿಕದ ಕಿರ್ಕಮ್ ಸಂಸ್ಥೆ ಮೊದಲನೆಯ ದಾರಿಗೆ ಹತ್ತಿರ. ಪೋಲೆಂಡಿನ ಮಿಯೆಲೆಟ್ಸ್ ಪಟ್ಟಣದ ಹಳೆಯ ವಿಮಾನ ಕಾರ್ಖಾನೆಯ ಕುಶಲಿಗಳಿಂದ ಅಲ್ಯೂಮಿನಿಯಂ ಮೈಗಳನ್ನು ಮಾಡಿಸಿದ ಸಂಸ್ಥೆಯಿದು. ಯುದ್ಧವಿಮಾನದ ತಗಡನ್ನು ಬಡಿದ ಕೈಗಳು ಕಾರಿನ ತಗಡನ್ನೂ ಬಡಿದುವು. ದಕ್ಷಿಣ ಆಫ್ರಿಕದಲ್ಲಿ ತಯಾರಾಗುವ ಸೂಪರ್‌ಫಾರ್ಮೆನ್ಸ್ ಕಾರುಗಳು ಎಂಜಿನ್ನು ಮತ್ತು ಗೇರುಪೆಟ್ಟಿಗೆಗಳನ್ನು ಬಿಟ್ಟು ಮಿಕ್ಕೆಲ್ಲ ಪೂರ್ಣವಾಗಿ ಕಾರ್ಖಾನೆಯಿಂದಲೇ ಹೊರಬರುವುವು. 1995ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಆರಂಭವಾದ ಫ್ಯಾಕ್ಟರಿ ಫೈವ್ ಸಂಸ್ಥೆಯಾದರೋ ಚೌಕಟ್ಟು, ಫೈಬರ್ ಗಾಜಿನ ಮೈ ಮತ್ತು ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸುವುದು. ಕೊಂಡವನು ತನ್ನ ಮನೆಯ ಕೊಟ್ಟಿಗೆಯಲ್ಲಿ ಕುಳಿತು ಜೋಡಿಸಿಕೊಳ್ಳಬೇಕು.

ಈ ಮೂರರಲ್ಲಿ ಯಾವುದು ಮೇಲು ಎಂದು ಕೇಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಮೂರನೆಯ ಬಗೆಯಲ್ಲಿ ಕಟ್ಟಡದ ಅರ್ಧ ಗುಣ ತಯಾರಕನದಲ್ಲ, ಕೊಂಡವನದು. ಒಂದೇ ಪೆಟ್ಟಿಗೆಯಿಂದ ಹೊರಟ ಎರಡು ಕಾರುಗಳಲ್ಲಿ ಒಂದು ಗಡಿಯಾರದಂತೆಯೂ ಇನ್ನೊಂದು ಎತ್ತಿನ ಗಾಡಿಯಂತೆಯೂ ಆಗಬಹುದು. ಹಾಗಿದ್ದೂ ನಮ್ಮ ಒಲವು ಆ ಪೆಟ್ಟಿಗೆಯ ಕಡೆಗೇ ಎಂದು ಹೇಳಿದರೆ ವಾಚಕರು ಕ್ಷಮಿಸಬೇಕು. ಪ್ರತಿಯೊಂದು ಬೋಲ್ಟನ್ನೂ ಎಷ್ಟು ಬಿಗಿಯಬೇಕೆಂದು ಓದಿ, ಅಳೆದು, ಬಿಗಿದವನಿಗೆ ತನ್ನ ಗಾಡಿಯಲ್ಲಿ ಯಾವ ದೋಷ ಎಲ್ಲಿದೆಯೆಂದು ತಿಳಿದಿರುತ್ತದೆ. ಹೊಳೆಯುವ ಕಾರನ್ನು ಹಣಕೊಟ್ಟು ತಂದವನಿಗೆ ಅದು ತಿಳಿಯದು. ನಮಗೆ ಸೇರದ ಸಂಗತಿಯೊಂದಿದೆ: ಫೈಬರ್ ಗಾಜಿನ ಮೈಯ ಮೇಲೆ ಹುಸಿ ರಿವೆಟ್ಟುಗಳನ್ನು ಅಂಟಿಸಿ ತಗಡಿನಂತೆ ತೋರಿಸುವ ಚಪಲ. ಯಾವ ಭಾರವನ್ನೂ ಹೊರದ ರಿವೆಟ್ಟು ರಿವೆಟ್ಟಲ್ಲ.

ಫೈಬರ್ ಗಾಜಿನ ಮಾತು ಬಂದಿತು. ಪ್ರತಿಕೃತಿಗಳಲ್ಲಿ ಬಹಳಷ್ಟು ಈ ವಸ್ತುವಿನವೇ, ಮತ್ತು ಈ ವಸ್ತುವಿನ ವಿಷಯದಲ್ಲಿ ಕಾರವಾರದವರಿಗೆ ಹೊರಗಿನಿಂದ ಯಾರೂ ಪಾಠ ಹೇಳಬೇಕಾದುದಿಲ್ಲ. ಮರದ ಪಾತಿ ದೋಣಿಗಳ ಜಾಗಕ್ಕೆ ಫೈಬರ್ ದೋಣಿಗಳು ಬಂದುದನ್ನು ಮಾಜಾಳಿಯಿಂದ ಬೇಲೇಕೇರಿಯವರೆಗಿನ ಎಲ್ಲ ಕಡಲತಡಿಯ ಜನರೂ ಕಂಡಿದ್ದಾರೆ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವ ದಿನಗಳಲ್ಲಿ ಬೈತಖೋಲದ ಕಡೆಗೆ ಹೋದರೆ ದೋಣಿಗಳ ದುರಸ್ತಿಯನ್ನು ನೋಡಬಹುದು. ಗಾಜಿನ ಎಳೆಗಳ ಚಾಪೆಯನ್ನು ಹಾಸಿ, ಪಾಲಿಯೆಸ್ಟರ್ ರಾಳಕ್ಕೆ ಗಟ್ಟಿಗೊಳಿಸುವ ದ್ರವವನ್ನು ಬೆರೆಸಿ ಬಳಿದು, ಗೆರೆಗೆರೆಯ ಉರುಳೆಯಿಂದ ಗಾಳಿಯ ಗುಳ್ಳೆಗಳನ್ನು ಹೊರದೂಡುವ ಈ ಕೆಲಸವೇ 1953ರಲ್ಲಿ ಅಮೆರಿಕದ ಷೆವ್ರೊಲೆ ಕಂಪನಿ ತಯಾರಿಸಿದ ಮೊದಲ ಮುನ್ನೂರು ಕಾರ್ವೆಟ್ ಕಾರುಗಳಲ್ಲೂ ನಡೆದುದು, ಇಂದಿನ ಕೋಬ್ರಾ ಪ್ರತಿಕೃತಿಯಲ್ಲೂ ನಡೆಯುವುದು. ಕಾರಿನ ಮೈಗೂ ದೋಣಿಯ ಮೈಗೂ ಜಾತಿಭೇದವಿಲ್ಲ.

ಈ ವಸ್ತುವಿನ ಬಲಾಬಲವನ್ನು ಸ್ವಲ್ಪ ಲೆಕ್ಕ ಹಾಕೋಣ. ಉಕ್ಕಿನ ಯಂಗ್ ಗುಣಾಂಕ ಸುಮಾರು 200 ಗಿಗಾಪಾಸ್ಕಲ್. ಕೈಯಿಂದ ಹಾಸಿದ ಗಾಜಿನ ಚಾಪೆಯ ಹಲಗೆಯದು 8ರ ಆಸುಪಾಸು. ಅಂದರೆ ಇಪ್ಪತ್ತೈದರಲ್ಲಿ ಒಂದು ಪಾಲು. ಇಷ್ಟು ಮೆತ್ತಗಿನ ವಸ್ತುವಿನಿಂದ ಕಾರನ್ನು ಹೇಗೆ ಕಟ್ಟುವುದು? ಹಲಗೆಯೊಂದು ಬಾಗುವಿಕೆಯನ್ನು ತಡೆಯುವ ಶಕ್ತಿ ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುವುದು ಎಂಬ ಒಂದೇ ನಿಯಮ ಇಲ್ಲಿ ನಮ್ಮನ್ನು ಕಾಪಾಡುವುದು. 25ರ ಘನಮೂಲ ಸುಮಾರು 2.9. ಆದುದರಿಂದ 0.8 ಮಿಲಿಮೀಟರ್ ಉಕ್ಕಿನ ತಗಡಿನ ಬಿಗಿಯನ್ನು ಪಡೆಯಲು ಸುಮಾರು 2.3 ಮಿಲಿಮೀಟರ್ ಫೈಬರ್ ಸಾಕು. ಉಕ್ಕಿನ ಸಾಂದ್ರತೆ 7.85, ಫೈಬರಿನದು 1.5ರಷ್ಟು; ಆದಕಾರಣ ಅಷ್ಟು ದಪ್ಪವಾದರೂ ತೂಕ ಉಕ್ಕಿನ ತಗಡಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ.

ಆದರೆ ಕಾಪಾಡಿದ ನಿಯಮವೇ ಕೊಲ್ಲಲೂ ಬಲ್ಲದು. ಕೆಲಸಗಾರನು ಅವಸರದಲ್ಲಿ ಒಂದು ಕಡೆ 2.5ಕ್ಕೆ ಬದಲಾಗಿ 2 ಮಿಲಿಮೀಟರ್ ಮಾತ್ರ ಹಾಸಿದನೆನ್ನಿ. ದಪ್ಪ ಐದನೆಯ ಒಂದು ಪಾಲು ಕಡಿಮೆಯಾಯಿತು. ಬಿಗಿ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮೇಲೆ ಬಳಿದ ಬಣ್ಣ ಇದನ್ನು ಹೇಳುವುದಿಲ್ಲ. ರಾಳ ಹೆಚ್ಚಾಗಿ ಗಾಜು ಕಡಿಮೆಯಾದರೂ ಹೊರಗೆ ತಿಳಿಯದು. ಭಾರ ಹೆಚ್ಚುವುದು, ಬಲ ಕುಗ್ಗುವುದು, ಏಕೆಂದರೆ ಬಲ ಕೊಡುವುದು ಗಾಜಿನ ಎಳೆ, ರಾಳ ಅದನ್ನು ಹಿಡಿದಿಡುವ ಅಂಟು ಮಾತ್ರ. ಇದನ್ನು ಕಂಡುಹಿಡಿಯಲು ದೋಣಿಯವರ ಬಳಿ ಇರುವ ಉಪಕರಣ ಒಂದು ನಾಣ್ಯ ಅಥವಾ ಸಣ್ಣ ಸುತ್ತಿಗೆ. ಮೈಯುದ್ದಕ್ಕೂ ತಟ್ಟುತ್ತ ಹೋದರೆ ಪದರಗಳು ಚೆನ್ನಾಗಿ ಅಂಟಿರುವೆಡೆ ಸ್ವರ ಸ್ಪಷ್ಟವಾಗಿರುವುದು. ಪದರ ಬಿಟ್ಟುಕೊಂಡಿರುವೆಡೆ ಅಥವಾ ಗುಳ್ಳೆ ಉಳಿದಿರುವೆಡೆ ಸ್ವರ ಮಂಕಾಗುವುದು. ಕಂಪನದ ಶಕ್ತಿ ಒಳಗಿನ ಬಿರುಕಿನಲ್ಲಿ ಕಳೆದುಹೋಗುವುದೇ ಇದಕ್ಕೆ ಕಾರಣ. ಲಕ್ಷಗಟ್ಟಲೆ ಬೆಲೆಯ ಪ್ರತಿಕೃತಿ ಕಾರನ್ನು ಕೊಳ್ಳಲು ಹೋದವರು ಒಂದು ರೂಪಾಯಿಯ ನಾಣ್ಯದಿಂದ ಅದನ್ನು ತಟ್ಟಿ ನೋಡಿದರೆ ಮಾರುವವನ ಮುಖಭಾವದಿಂದಲೂ ಸ್ವಲ್ಪ ತಿಳಿದೀತು!

ಇನ್ನೊಂದು ಪರೀಕ್ಷೆಯನ್ನು ಸೂರ್ಯನೇ ಮಾಡುತ್ತಾನೆ. ರಾಳ ಗಟ್ಟಿಯಾಗುವಾಗ ಕುಗ್ಗುವುದು. ಅದು ಪೂರ್ತಿ ಬಲಿಯುವ ಮೊದಲೇ ಅಚ್ಚಿನಿಂದ ತೆಗೆದು ಬಣ್ಣ ಬಳಿದು ಮಾರಿದರೆ, ಉಳಿದ ಕುಗ್ಗುವಿಕೆ ಕೊಂಡವನ ಅಂಗಳದಲ್ಲಿ ನಡೆಯುವುದು. ಸಾಧಾರಣ ಪಾಲಿಯೆಸ್ಟರ್ ರಾಳ ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸಿನಲ್ಲಿ ಮೃದುವಾಗತೊಡಗುವುದು. ಕಪ್ಪು ಬಣ್ಣದ ಕಾರಿನ ಮೇಲ್ಮೈ ಮೇ ತಿಂಗಳ ಬಿಸಿಲಿನಲ್ಲಿ ಆ ಮಟ್ಟವನ್ನು ಮುಟ್ಟುವುದು ಕಷ್ಟವೇನಲ್ಲ. ಆಗ ಒಳಗಿನ ಗಾಜಿನ ನೇಯ್ಗೆಯ ಗುರುತು ಬಣ್ಣದ ಮೇಲೆ ಮೂಡಿಬರುವುದು, ಮಳೆಯಲ್ಲಿ ನೆನೆದ ಅಂಗಿಯ ಒಳಗಿನ ಬನಿಯನ್ನಿನಂತೆ. ಒಂದು ಬೇಸಗೆಯನ್ನು ಕಳೆದ ಮೇಲೂ ಮೈ ನುಣುಪಾಗಿ ಉಳಿದರೆ ಅದನ್ನು ಕಟ್ಟಿದವನು ತಾಳ್ಮೆಯುಳ್ಳವನೆಂದು ತಿಳಿಯಬಹುದು. ಬಾಗಿಲ ಸಂದುಗಳ ವಿಷಯವೂ ಇದಕ್ಕೆ ಸಂಬಂಧಿಸಿದುದೇ. ಒಂದು ಮೀಟರ್ ಉದ್ದದ ಫೈಬರ್ ಬಾಗಿಲು 40 ಡಿಗ್ರಿ ಬಿಸಿಯೇರಿದಾಗ ಒಂದು ಮಿಲಿಮೀಟರಿಗೂ ಸ್ವಲ್ಪ ಮಿಗಿಲಾಗಿ ಹಿಗ್ಗುವುದು, ಅಷ್ಟೇ ಉದ್ದದ ಉಕ್ಕು ಅರ್ಧ ಮಿಲಿಮೀಟರ್ ಮಾತ್ರ. ಆದುದರಿಂದ ಕೂದಲೆಳೆಯಂಥ ಸಂದುಗಳನ್ನು ಹೊಗಳುವವರು ಸ್ವಲ್ಪ ಯೋಚಿಸಬೇಕು. ಸಂದು ಸಣ್ಣದಾಗಿರುವುದಕ್ಕಿಂತ ಮೇಲಿನಿಂದ ಕೆಳಗಿನವರೆಗೆ ಸಮವಾಗಿರುವುದು ಒಳ್ಳೆಯ ಕೆಲಸದ ಲಕ್ಷಣ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅದು ಸಮವಾಗಿಯೇ ಉಳಿದರೆ ಇನ್ನೂ ಒಳ್ಳೆಯದು.

ಈಗ ನಮ್ಮ ಕರಾವಳಿಯ ನಿಜವಾದ ಪರೀಕ್ಷಕನ ಕಡೆಗೆ ಬರೋಣ, ಅದು ಉಪ್ಪು. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 75ನ್ನು ಮೀರಿದೊಡನೆ ಸೋಡಿಯಂ ಕ್ಲೋರೈಡ್ ತಾನೇ ನೀರನ್ನು ಹೀರಿ ದ್ರವವಾಗುವುದು. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಜಾಡಿ ಇದನ್ನು ದಿನವೂ ತೋರಿಸುವುದು. ಕಾರವಾರ, ಅಂಕೋಲೆಗಳಲ್ಲಿ ಗಾಳಿ ವರ್ಷದ ಬಹುಪಾಲು ರಾತ್ರಿಗಳಲ್ಲಿ ಈ ಮಿತಿಯ ಆಚೆಗೇ ಇರುತ್ತದೆ. ಹೀಗಾಗಿ ಅಲೆಯ ಹನಿಗಳಿಂದ ಹಾರಿಬಂದು ಲೋಹದ ಮೇಲೆ ಕುಳಿತ ಉಪ್ಪಿನ ತೆಳುಪೊರೆ ಮಳೆಯಿಲ್ಲದ ದಿನವೂ ಒದ್ದೆಯಾಗಿಯೇ ಉಳಿದು, ಲೋಹವನ್ನು ವಿದ್ಯುತ್ಕೋಶವನ್ನಾಗಿ ಮಾರ್ಪಡಿಸುವುದು. ಟಾಗೋರ್ ಕಡಲತೀರದಲ್ಲಿ 2006ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಪಲ್ ಯುದ್ಧನೌಕೆಯ ಉಕ್ಕಿನ ಮೈಯನ್ನು ಹತ್ತಿರದಿಂದ ನೋಡಿದವರಿಗೆ, ಬಣ್ಣದ ಪೊರೆಗೂ ತುಕ್ಕಿಗೂ ನಡೆಯುವ ಮುಗಿಯದ ಯುದ್ಧದ ಪರಿಚಯವಿದ್ದೇ ಇದೆ.

ಲೋಟಸ್ ಸೆವೆನ್ ಜಾತಿಯ ಕಾರುಗಳ ದೌರ್ಬಲ್ಯ ಇಲ್ಲಿಯೇ. ಉಕ್ಕಿನ ಕೊಳವೆಗೆ ಅಲ್ಯೂಮಿನಿಯಂ ತಗಡನ್ನು ರಿವೆಟ್ಟಿನಿಂದ ಬಡಿದಾಗ ಎರಡು ಭಿನ್ನ ಲೋಹಗಳು ಉಪ್ಪುನೀರಿನಲ್ಲಿ ಒಂದನ್ನೊಂದು ಮುಟ್ಟಿಕೊಂಡಂತಾಗುವುದು. ಅವುಗಳಲ್ಲಿ ಹೆಚ್ಚು ಕ್ರಿಯಾಶೀಲವಾದ ಅಲ್ಯೂಮಿನಿಯಂ ತನ್ನನ್ನು ತಾನೇ ಸವೆಸಿಕೊಂಡು ಬಿಳಿಯ ಪುಡಿಯಾಗುವುದು. ಇಂಗ್ಲೆಂಡಿನ ಚಳಿಗಾಲದ ರಸ್ತೆಗಳಿಗೆ ಎರಚುವ ಉಪ್ಪಿನಿಂದ ಅಲ್ಲಿನವರಿಗೂ ಈ ಕಾಟ ತಿಳಿದಿದೆ. ಜಾಗರೂಕನಾದ ತಯಾರಕನು ಎರಡು ಲೋಹಗಳ ನಡುವೆ ಅಂಟಿನ ಪದರವೊಂದನ್ನು ಇಟ್ಟು ವಿದ್ಯುತ್ತಿನ ದಾರಿಯನ್ನು ಕಡಿಯುವನು, ಕೊಳವೆಗೆ ಸತುವಿನ ಅಥವಾ ಪುಡಿಬಣ್ಣದ ಲೇಪ ಕೊಡುವನು, ಕೊಳವೆಗಳ ತುದಿಯನ್ನು ಪೂರ್ತಿ ಮುಚ್ಚುವನು ಅಥವಾ ನೀರು ಇಳಿದುಹೋಗಲು ತೂತಿಡುವನು. ಅಜಾಗರೂಕನು ಇದೊಂದನ್ನೂ ಮಾಡದೆ ಹೊರಗಿನ ತಗಡನ್ನು ಥಳಥಳಿಸುವಂತೆ ಉಜ್ಜುವನು. ಕಾರ್ಖಾನೆಯ ಬಾಗಿಲಲ್ಲಿ ಇಬ್ಬರ ಕಾರುಗಳೂ ಒಂದೇ. ಕೋಡಿಬಾಗದ ಒಂದು ಮನೆಯ ಮುಂದೆ ಮೂರು ಮಳೆಗಾಲ ನಿಂತ ಮೇಲೆ ಒಂದೇ ಅಲ್ಲ. ಯಾವ ಕಾರಿನ ಕಟ್ಟಡವನ್ನಾದರೂ ಹೊಸದಾಗಿದ್ದಾಗ ಹೋಲಿಸುವುದು ಕಾಯಿಯನ್ನು ನೋಡಿ ಹಣ್ಣಿನ ರುಚಿ ಹೇಳಿದಂತೆ. ಕರಿ ಈಶಾಡ ಮಾವಿನ ಊರಾದ ಅಂಕೋಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಕರಾವಳಿಗೆ ಸತುವಿನ ಲೇಪವುಳ್ಳ ಚೌಕಟ್ಟಿನ ಮೇಲಿನ ಫೈಬರ್ ಮೈಯೇ ಸರಿಯೆಂದು, ಅಲ್ಯೂಮಿನಿಯಂ ಮೈಯ ಸೊಬಗನ್ನು ಒಪ್ಪಿಕೊಂಡೂ, ನಾವು ಹೇಳುತ್ತೇವೆ.

ಇವೆಲ್ಲ ಪರದೇಶದ ಮಾತು, ನಮಗೇನು ಸಂಬಂಧ ಎನ್ನುವವರಿಗೆ ಕರ್ನಾಟಕದ ಚರಿತ್ರೆಯನ್ನು ನೆನಪಿಸಬೇಕು. ಎಪ್ಪತ್ತರ ದಶಕದಲ್ಲಿಯೇ ಬೆಂಗಳೂರಿನಲ್ಲಿ ಬಾದಲ್ ಎಂಬ ಮೂರು ಚಕ್ರದ ಫೈಬರ್ ಗಾಡಿ ತಯಾರಾಗಿತ್ತು. ಎಂಬತ್ತರ ದಶಕದಲ್ಲಿ ಸಿಪಾನಿ ಸಂಸ್ಥೆ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸದಿಂದ ಡಾಲ್ಫಿನ್ ಎಂಬ ಫೈಬರ್ ಮೈಯ ಎರಡು ಬಾಗಿಲಿನ ಸಣ್ಣ ಕಾರನ್ನು ಹೊರತಂದಿತು. ಅದರ 848 ಘನ ಸೆಂಟಿಮೀಟರಿನ ಎಂಜಿನ್ನು ಅಲ್ಯೂಮಿನಿಯಮ್ಮಿನದು, ಮೈ ಹಗುರ. ರ‍್ಯಾಲಿ ಸ್ಪರ್ಧೆಗಳಲ್ಲಿ ಆ ಕಾರು ಹೆಸರನ್ನೂ ಪಡೆಯಿತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ ಮಾರುಕಟ್ಟೆಯಲ್ಲಿ ಅದಕ್ಕೆ ನೆಲೆಯಿಲ್ಲವಾಯಿತು. ಪ್ಲಾಸ್ಟಿಕ್ ಕಾರು ಎಂಬ ತಿರಸ್ಕಾರದ ಮಾತೂ ಅದಕ್ಕೆ ಅಂಟಿಕೊಂಡಿತು. ಕರಾವಳಿಯ ತುಕ್ಕು ಮುಟ್ಟಲಾರದ ಮೈಯನ್ನು ಪ್ಲಾಸ್ಟಿಕ್ ಎಂದು ಹೀಗಳೆದುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಮುಂದೆ ಬೆಂಗಳೂರಿನ ಸ್ಯಾನ್ ಸಂಸ್ಥೆ ರೆನೊ ಎಂಜಿನ್ನಿನ, ಫೈಬರ್ ಮೈಯ, ಎರಡು ಆಸನದ ಸ್ಟಾರ್ಮ್ ಎಂಬ ತೆರೆದ ಕಾರನ್ನು ತಯಾರಿಸಿತು. ಮಹಾರಾಷ್ಟ್ರದ ಅಲಿಬಾಗಿನ ಬಳಿ ಚಿಂಕಾರಾ ಸಂಸ್ಥೆ ಲೋಟಸ್ ಸೆವೆನ್ನಿನ ಮಾದರಿಯಲ್ಲಿ ಕಟ್ಟಿದ ರೋಡ್‌ಸ್ಟರಿಗೆ 1.8 ಲೀಟರಿನ ಇಸುಜು ಎಂಜಿನ್ನು. ಅಲ್ಲಿಯೂ ಅಲ್ಯೂಮಿನಿಯಂ ತಗಡಿನ ಬದಲು ಫೈಬರ್ ಮೈ. ಅಲಿಬಾಗಿನದೂ ನಮ್ಮದೂ ಒಂದೇ ಕಡಲು, ಒಂದೇ ಉಪ್ಪು ಎಂಬುದನ್ನು ನೆನೆದರೆ ಆ ಆಯ್ಕೆ ವಿವೇಕದ್ದೆಂದೇ ತೋರುವುದು.

ಇಷ್ಟೆಲ್ಲ ಬರೆಯಲು ನಮ್ಮನ್ನು ಪ್ರೇರಿಸಿದುದು ಕಾರಿನ ಮೋಹವಲ್ಲ. ಕಳೆದ ಕೆಲವು ವರ್ಷಗಳಿಂದ ಊರೂರಿನ ಗ್ಯಾರೇಜುಗಳಲ್ಲಿ ಹಳೆಯ ಜೀಪಿನ ಅಥವಾ ಕಾರಿನ ಚೌಕಟ್ಟನ್ನು ಕತ್ತರಿಸಿ, ಉದ್ದ ಅಗಲಗಳನ್ನು ಬದಲಿಸಿ, ಮೇಲೆ ಯಾವುದೋ ಪ್ರಸಿದ್ಧ ವಾಹನದ ಆಕಾರವನ್ನು ಕೂರಿಸಿಕೊಡುವ ಕೆಲಸ ಹೆಚ್ಚಿದೆ. ಹದಿನೆಂಟು ಇಪ್ಪತ್ತು ವರ್ಷದ ತರುಣರು ಅದಕ್ಕೆ ಮನೆಯವರ ಹಣವನ್ನು ಸುರಿಯುತ್ತಾರೆ. ಕತ್ತರಿಸಿದ ಮುಖ್ಯ ತೊಲೆಯನ್ನು ಅಡ್ಡಕ್ಕೆ ನೇರವಾಗಿ ಬೆಸೆದು, ಬೆಸುಗೆಯನ್ನು ಅರೆದು ನುಣುಪು ಮಾಡಿ, ಮೇಲೆ ಲಪ್ಪ ಹಚ್ಚಿ ಬಣ್ಣ ಬಳಿದುದನ್ನು ನಾವೇ ಕಂಡಿದ್ದೇವೆ. ಅರೆದಾಗ ಹೋಗುವುದು ಬೆಸುಗೆಯ ಲೋಹವೇ. ತೊಲೆಗೆ ಅತಿ ಹೆಚ್ಚು ಬಾಗುಭ್ರಾಮಕ ಬೀಳುವ ಜಾಗದಲ್ಲಿಯೇ ಹೀಗೆ ಮಾಡಿದರೆ ಮುಂದೊಂದು ದಿನ ಘಟ್ಟದ ತಿರುವಿನಲ್ಲಿ ಏನಾದೀತೆಂಬುದನ್ನು ಹೇಳಬೇಕಾಗಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿಯ ಬಳಿಕ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದುದನ್ನು ಕಾರವಾರ, ಸದಾಶಿವಗಡಗಳ ಜನ ಮರೆತಿಲ್ಲ. ಅದರ ಕಾರಣಗಳ ವಿಚಾರ ಇಲ್ಲಿ ಬೇಡ. ಹಿಂದಿನ ದಿನ ಅದರ ಮೇಲೆ ಹೋದವರಾರಿಗೂ ರಸ್ತೆಯ ಮೇಲ್ಮೈ ಏನನ್ನೂ ಹೇಳಿರಲಿಲ್ಲ ಎಂಬಷ್ಟನ್ನು ಮಾತ್ರ ನೆನಪಿಸುತ್ತೇವೆ.

ಕಾನೂನು ಇಲ್ಲವೆಂದಲ್ಲ. ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮು ತಯಾರಕನು ಗೊತ್ತುಪಡಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸಿದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಹೊಸ ಮಾದರಿಯನ್ನು ತಯಾರಿಸುವವನು ಪುಣೆಯ ಆಟೋಮೋಟಿವ್ ಸಂಶೋಧನ ಸಂಸ್ಥೆಯಂಥ ಪರೀಕ್ಷಾ ಸಂಸ್ಥೆಯಿಂದ ಅನುಮೋದನೆ ಪಡೆಯಬೇಕು. ಈ ವ್ಯವಸ್ಥೆ ಲಕ್ಷಗಟ್ಟಲೆ ಕಾರು ಮಾಡುವವನಿಗೆ ಸರಿ. ತನ್ನ ಕೈಯಿಂದ ಒಂದೇ ಒಂದು ಕಾರನ್ನು ಶಾಸ್ತ್ರೋಕ್ತವಾಗಿ ಕಟ್ಟಬೇಕೆನ್ನುವ ತರುಣನಿಗೆ ಅದು ನಿಲುಕುವಂಥದಲ್ಲ. ಬ್ರಿಟನ್ನಿನಲ್ಲಿ 1998ರಿಂದಲೂ ಒಂಟಿ ವಾಹನಗಳ ಅನುಮೋದನೆಯ ಪದ್ಧತಿಯಿದೆ. 2009ರಲ್ಲಿ ಅದನ್ನು ಇನ್ನೂ ಬಿಗಿಗೊಳಿಸಿದರು. ಮನೆಯಲ್ಲಿ ಕಟ್ಟಿದ ಕಾರನ್ನು ಪರೀಕ್ಷಕನ ಮುಂದೆ ಒಯ್ದರೆ ಅವನು ತಡೆಗಳನ್ನೂ ಚುಕ್ಕಾಣಿಯನ್ನೂ ಆಸನಪಟ್ಟಿಯ ಬುಡಗಳನ್ನೂ ನೋಡುತ್ತಾನೆ. ದಾರಿಹೋಕನಿಗೆ ತಾಗಬಹುದಾದ ಹೊರಗಿನ ಅಂಚುಗಳು 2.5 ಮಿಲಿಮೀಟರ್ ತ್ರಿಜ್ಯಕ್ಕಿಂತ ಹರಿತವಾಗಿರಕೂಡದೆಂದು ಅಳೆದೂ ನೋಡುತ್ತಾನೆ. ಉತ್ತೀರ್ಣವಾದರೆ ರಸ್ತೆಗೆ, ಇಲ್ಲವಾದರೆ ಮರಳಿ ಕೊಟ್ಟಿಗೆಗೆ. ನಮ್ಮಲ್ಲಿಯೂ ಇಂಥ ಪದ್ಧತಿಯೊಂದು ಬರಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ನಿಷೇಧವೊಂದೇ ಇದ್ದೆಡೆ ಕೆಲಸ ಕತ್ತಲಲ್ಲಿ ನಡೆಯುವುದು. ಪರೀಕ್ಷೆ ಇದ್ದೆಡೆ ಅದು ಬೆಳಕಿಗೆ ಬಂದೇ ತೀರಬೇಕಾಗುವುದು. ಸಣ್ಣ ತಯಾರಕರು ತಮ್ಮ ಜಾಹೀರಾತಿನಲ್ಲಿ ಕುದುರೆಬಲದ ಪಕ್ಕದಲ್ಲಿಯೇ ತಿರುಚುದಾರ್ಢ್ಯವನ್ನೂ ಮುದ್ರಿಸುವಂತೆ ಕೊಳ್ಳುವವರು ಒತ್ತಾಯಿಸಬೇಕು; ಮುದ್ರಿಸಲು ಒಪ್ಪದವನ ಕಾರನ್ನು ಮುಟ್ಟಬಾರದು.

ಆ ಸಂಖ್ಯೆಯನ್ನು ಅಳೆಯಲು ದೊಡ್ಡ ಪ್ರಯೋಗಾಲಯ ಬೇಕೆಂಬುದು ನೆಪ. ಐ.ಟಿ.ಐ. ಅಥವಾ ಪಾಲಿಟೆಕ್ನಿಕ್ಕಿನ ಅಂಗಳದಲ್ಲಿಯೇ ಅದನ್ನು ಮಾಡಬಹುದು, ಹೇಗೆಂದರೆ: ಬರಿಯ ಚೌಕಟ್ಟಿನ ಹಿಂದಿನ ಎರಡು ಮೂಲೆಗಳನ್ನು ನೆಲಕ್ಕೆ ಭದ್ರವಾಗಿ ಬಿಗಿಯಿರಿ. ಮುಂದಿನ ಎರಡು ಮೂಲೆಗಳನ್ನು ಅಡ್ಡತೊಲೆಯೊಂದಕ್ಕೆ ಬಿಗಿದು, ಆ ತೊಲೆಯನ್ನು ನಡುವೆ ಒಂದು ತ್ರಿಕೋನದ ಅಂಚಿನ ಮೇಲೆ ಕೂರಿಸಿರಿ, ತಕ್ಕಡಿಯ ದಂಡದಂತೆ. ತ್ರಿಕೋನದಿಂದ ಒಂದು ಮೀಟರ್ ದೂರದಲ್ಲಿ, ಒಂದು ಪಕ್ಕಕ್ಕೆ ಮಾತ್ರ, 50 ಕಿಲೋಗ್ರಾಮಿನ ಒಂದು ಚೀಲ ಅಕ್ಕಿಯನ್ನು ತೂಗುಹಾಕಿರಿ. ಚೌಕಟ್ಟಿನ ಮೇಲೆ ಬೀಳುವ ಭ್ರಾಮಕ ಸುಮಾರು 490 ನ್ಯೂಟನ್-ಮೀಟರ್. ಚೌಕಟ್ಟಿನ ಅಗಲ 1.2 ಮೀಟರ್ ಎಂದಿಟ್ಟುಕೊಳ್ಳಿ. ದಾರ್ಢ್ಯ ಡಿಗ್ರಿಗೆ 10,000 ಇದ್ದರೆ ಮುಂದಿನ ಎರಡು ಮೂಲೆಗಳ ಎತ್ತರದಲ್ಲಿ ಬರುವ ವ್ಯತ್ಯಾಸ ಒಂದು ಮಿಲಿಮೀಟರ್. 2,000 ಮಾತ್ರ ಇದ್ದರೆ ಐದು ಮಿಲಿಮೀಟರ್. ಐದು ಮಿಲಿಮೀಟರನ್ನು ಶಾಲೆಯ ಹುಡುಗನ ಅಳತೆಪಟ್ಟಿಯೂ ಓದಬಲ್ಲದು. ಹಿಂದಿನ ಮೂಲೆಗಳು ನೆಲದಲ್ಲಿ ಜಗ್ಗಿವೆಯೇ ಎಂದು ಬೇರೆಯಾಗಿ ನೋಡಿ ಅಷ್ಟನ್ನು ಕಳೆಯಬೇಕು. ಚೀಲವನ್ನು ಇಳಿಸಿದ ಮೇಲೆ ಮುಂದಿನ ಮೂಲೆಗಳು ಮೊದಲಿನ ಎತ್ತರಕ್ಕೇ ಮರಳಿದುವೇ ಎಂಬುದನ್ನೂ ತಪ್ಪದೆ ಬರೆದುಕೊಳ್ಳಬೇಕು. ಮರಳದಿದ್ದರೆ ಎಲ್ಲಿಯೋ ಒಂದು ಬೆಸುಗೆ ಜಾರುತ್ತಿದೆ, ಮೈಯನ್ನು ಕೂರಿಸುವ ಮೊದಲೇ ಅದನ್ನು ಹುಡುಕಿ ತೆಗೆಯಬೇಕು.